ಗೋಡೆಗೆ ಬೆನ್ನು ತಾಗಿದಾಗ ಬೇಕಾದ ಲೆನ್ಸ್

ಬೇಲೂರಿನ ನವರಂಗದಲ್ಲಿ ಕ್ಯಾಮೆರಾ ಎತ್ತಿದವರಿಗೆ ಈ ಪೇಚಾಟ ಗೊತ್ತು. ಕಿಟ್ ಲೆನ್ಸನ್ನು 18 ಮಿ.ಮೀ.ಗೆ ತಿರುಗಿಸಿಟ್ಟರೂ ಚಾವಣಿ ಸಿಕ್ಕರೆ ಕಂಬದ ಬುಡ ಸಿಗದು, ಬುಡ ಸಿಕ್ಕರೆ ಚಾವಣಿ ಸಿಗದು. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಇನ್ನೊಂದು ಕಂಬ. ಇಂಥಲ್ಲಿ ಬೇಕಾಗುವುದು ಅಲ್ಟ್ರಾ ವೈಡ್ ಲೆನ್ಸ್. ದೊಡ್ಡ ಕಂಪನಿಗಳ ಎಫ್/2.8 ಲೆನ್ಸ್ ಕೊಳ್ಳಹೋದರೆ ಬೆಲೆ ಲಕ್ಷ ದಾಟುತ್ತದೆ. ಅದರ ಮೂರನೇ ಒಂದು ಪಾಲಿಗೂ ಕಡಿಮೆ ದುಡ್ಡಿಗೆ ಅಷ್ಟೇ ಅಗಲದ ನೋಟ ಕೊಡುವ ಲೆನ್ಸ್‌ಗಳಿವೆ. ಷರತ್ತು ಒಂದೇ: ಫೋಕಸ್ ಉಂಗುರವನ್ನು ನೀವೇ ತಿರುಗಿಸಬೇಕು.

ಆಟೊಫೋಕಸ್ ಇಲ್ಲದೆ ಹೇಗೆ ಎಂದು ಹೆದರುವವರು ಒಂದು ಲೆಕ್ಕ ನೋಡಿ. ಕ್ರಾಪ್ ಸೆನ್ಸರಿನ ಕ್ಯಾಮೆರಾಕ್ಕೆ 12 ಮಿ.ಮೀ. ಲೆನ್ಸ್ ಹಾಕಿ, ಎಫ್/8ರಲ್ಲಿ ಸುಮಾರು ಒಂದು ಮೀಟರಿಗೆ ಫೋಕಸ್ ಇಟ್ಟರೆ, ಅರ್ಧ ಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲವೂ ಸ್ಪಷ್ಟ. 50 ಮಿ.ಮೀ. ಲೆನ್ಸಿನಲ್ಲಿ ದಿಗಂತವೂ ಸ್ಪಷ್ಟ ಬರಬೇಕಾದರೆ ಅದೇ ಎಫ್/8ಕ್ಕೆ 15 ಮೀಟರಿಗೂ ದೂರ ಫೋಕಸ್ ಇಡಬೇಕು. ಹೀಗಾಗಿ ಹಕ್ಕಿ, ಕ್ರಿಕೆಟ್‌ಗೆ ಆಟೊಫೋಕಸ್ ಬೇಕೇ ಬೇಕು. ಇಲ್ಲಿ ಅದಿಲ್ಲದಿದ್ದರೆ ಕಳೆದುಕೊಳ್ಳುವುದು ತೀರಾ ಕಡಿಮೆ. ಎಡವುವುದು ಬೇರೆ ಕಡೆ.

ಮೊದಲು ಸೆನ್ಸರ್, ಆಮೇಲೆ ಲೆನ್ಸ್

ನಿಮ್ಮದು ಫುಲ್ ಫ್ರೇಮೋ ಕ್ರಾಪ್ ಸೆನ್ಸರೋ ಎಂಬುದನ್ನು ಖಚಿತ ಮಾಡಿಕೊಳ್ಳಿ. ಫುಲ್ ಫ್ರೇಮ್‌ನವರಿಗೆ ವರ್ಷಗಳಿಂದ ಹೆಸರು ಮಾಡಿರುವುದು ದಕ್ಷಿಣ ಕೊರಿಯಾದ ಸಮ್ಯಾಂಗ್ 14 ಮಿ.ಮೀ. ಎಫ್/2.8. ಅದರ ನೋಟ ಸುಮಾರು 115 ಡಿಗ್ರಿ. ಅದನ್ನೇ ಕ್ರಾಪ್ ಕ್ಯಾಮೆರಾಕ್ಕೆ ಹಾಕಿದರೆ 21 ಮಿ.ಮೀ.ನಷ್ಟೇ ಅಗಲ ಸಿಗುತ್ತದೆ. ಅರ್ಧ ಕಿಲೋಗೂ ಹೆಚ್ಚಿನ ಭಾರ ಮಾತ್ರ ಪೂರ್ತಿ ಹೊರಬೇಕು. ಕ್ರಾಪ್ ಮಿರರ್‌ಲೆಸ್ ಇದ್ದವರಿಗೆ ಅದೇ ಕಂಪನಿಯ 12 ಮಿ.ಮೀ. ಎಫ್/2 ಒಪ್ಪುತ್ತದೆ. ತೂಕ ಕಾಲು ಕಿಲೋ, ನೋಟ 99 ಡಿಗ್ರಿಯ ಆಸುಪಾಸು. ಇನ್ನೂ ಅಗಲ ಬೇಕಿದ್ದರೆ ಚೀನಾದ ಲಾವಾ 9 ಮಿ.ಮೀ. ಎಫ್/2.8 ಇದೆ.

ಮೌಂಟ್ ಸರಿಯಾಗಿರುವುದನ್ನೇ ಆರ್ಡರ್ ಮಾಡಿ. ಈ ಲೆನ್ಸ್‌ಗಳ ಹಲವು ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಚಿಪ್ ಇರುವುದಿಲ್ಲ. ನಿಕಾನ್‌ನ ಡಿ3000, ಡಿ5000 ಸರಣಿಯ ಕ್ಯಾಮೆರಾಗಳಲ್ಲಿ ಚಿಪ್ ಇಲ್ಲದ ಲೆನ್ಸ್ ಹಾಕಿದರೆ ಬೆಳಕಿನ ಮೀಟರೂ ಕೆಲಸ ಮಾಡುವುದಿಲ್ಲ. ಅಂಥವರು ಚಿಪ್ ಇರುವ ಮಾದರಿಯನ್ನೇ ಕೇಳಿ ಪಡೆಯಿರಿ.

ಮೀಸೆಯ ಗೆರೆ, ಮೀನಿನ ಕಣ್ಣು

ಕಡಿಮೆ ಬೆಲೆಗೆ ಮರುಳಾಗಿ ಫಿಶ್‌ಐ ಲೆನ್ಸ್ ತರಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಅದು ನೆಟ್ಟಗಿನ ಕಂಬವನ್ನು ಬಿಲ್ಲಿನಂತೆ ಬಾಗಿಸುತ್ತದೆ. ಗೆರೆ ನೇರ ಉಳಿಯಬೇಕಿದ್ದರೆ ರೆಕ್ಟಿಲೀನಿಯರ್ ಎಂದು ಬರೆದಿದೆಯೇ ನೋಡಿ. ಅಂಥ ಲೆನ್ಸಿನಲ್ಲೂ ಸ್ವಲ್ಪ ಬಾಗು ಇರುತ್ತದೆ. ಸಮ್ಯಾಂಗ್ 14ರಲ್ಲಿ ಸಮುದ್ರದ ಅಂಚು ಹುರಿಮೀಸೆಯ ಹಾಗೆ ನಡುವೆ ಉಬ್ಬಿ ತುದಿಯಲ್ಲಿ ಮೇಲಕ್ಕೆ ತಿರುಗುತ್ತದೆ. ಲೈಟ್‌ರೂಮ್‌ನಂಥ ಸಾಫ್ಟ್‌ವೇರಿನಲ್ಲಿ ಲೆನ್ಸ್ ಪ್ರೊಫೈಲ್ ಹಾಕಿ ಸರಿಪಡಿಸಬಹುದು. ಆದರೆ ಚಿಪ್ ಇಲ್ಲದ ಲೆನ್ಸ್ ತನ್ನ ಹೆಸರನ್ನು ಕ್ಯಾಮೆರಾಕ್ಕೆ ಹೇಳುವುದಿಲ್ಲವಾದ್ದರಿಂದ ಪ್ರೊಫೈಲನ್ನು ನೀವೇ ಆರಿಸಬೇಕು. ಮನೆ, ಹೋಟೆಲ್ ಕೋಣೆಗಳ ಫೋಟೊ ತೆಗೆಯುವುದೇ ಕೆಲಸವಾದರೆ ಗೆರೆ ಬಾಗಿಸದ ಲಾವಾ 9 ವಾಸಿ.

ಜೋಗದ ನೀರನ್ನು ಹಾಲಿನ ಧಾರೆಯಂತೆ ತೆಗೆಯುವ ಆಸೆಯಿದ್ದರೆ ಫಿಲ್ಟರ್ ಬೇಕು, ಹಾಗಾಗಿ ಲೆನ್ಸಿನ ಮುಂಭಾಗವನ್ನೂ ನೋಡಿ. 14 ಮಿ.ಮೀ.ನ ಗಾಜು ಉಬ್ಬಿಕೊಂಡಿದೆ, ಮುಂದೆ ಫಿಲ್ಟರ್ ಕೂರುವುದಿಲ್ಲ. 12ಕ್ಕೆ 67 ಮಿ.ಮೀ. ಫಿಲ್ಟರ್ ಆಗುತ್ತದೆ.

ಪಾರ್ಸೆಲ್ ಬಂದ ದಿನವೇ

ಇದು ಎಲ್ಲಕ್ಕಿಂತ ಮುಖ್ಯ. ಅಗ್ಗದ ಲೆನ್ಸ್‌ಗಳಲ್ಲಿ ಒಂದು ಪ್ರತಿ ಇದ್ದಂತೆ ಇನ್ನೊಂದು ಇರುವುದಿಲ್ಲ. ನಾನು ಕೊಂಡ ಮೊದಲನೆಯದರಲ್ಲಿ ಎಡಗಡೆಯ ಒಂದು ಮೂಲೆ ಸದಾ ಮಸುಕು. ನನ್ನ ಕೈಯೇ ಸರಿಯಿಲ್ಲವೆಂದು ಒಂದು ತಿಂಗಳು ಕಳೆದೆ. ಅಷ್ಟರಲ್ಲಿ ವಾಪಸು ಕೊಡುವ ಗಡುವು ಮುಗಿದಿತ್ತು.

ನೀವು ಹೀಗೆ ಮಾಡಿ. ಇಟ್ಟಿಗೆಗಳು ಕಾಣುವ ಗೋಡೆಯೆದುರು ಟ್ರೈಪಾಡ್ ನಿಲ್ಲಿಸಿ, ಪೂರ್ತಿ ತೆರೆದ ಅಪರ್ಚರಿನಲ್ಲಿ ಒಂದು, ಎಫ್/5.6ರಲ್ಲಿ ಒಂದು ಫೋಟೊ ತೆಗೆದು ನಾಲ್ಕು ಮೂಲೆ ಹೋಲಿಸಿ. ನಾಲ್ಕೂ ಸಮನಾಗಿ ಮೃದುವಾಗಿದ್ದರೆ ಚಿಂತೆಯಿಲ್ಲ. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಮತ್ತೆ ತೆಗೆಯಿರಿ. ಫ್ರೇಮಿನ ಅದೇ ಮೂಲೆ ಮಸುಕು ಉಳಿದರೆ ದೋಷ ಲೆನ್ಸಿನದು, ಎದುರು ಮೂಲೆಗೆ ಹೋದರೆ ನೀವು ಗೋಡೆಗೆ ಓರೆಯಾಗಿ ನಿಂತಿದ್ದೀರಿ.

ಸಂಜೆ ದೂರದ ಟವರಿನ ದೀಪವನ್ನು ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ಫೋಕಸ್ ಮಾಡಿ. ಉಂಗುರದ ಮೇಲಿನ ಅನಂತದ ಗುರುತು ಎಷ್ಟೋ ಸಲ ಸರಿಯಾದ ಜಾಗದಲ್ಲಿರುವುದಿಲ್ಲ. ನಿಜವಾದ ಜಾಗಕ್ಕೆ ಬಿಳಿ ಚುಕ್ಕೆ ಇಟ್ಟುಕೊಳ್ಳಿ. ಫೋಕಸ್ ಪೀಕಿಂಗ್‌ನ ಬಣ್ಣದ ಅಂಚನ್ನು ನಂಬಬೇಡಿ, ಇಷ್ಟು ಅಗಲದಲ್ಲಿ ಅದು ಎಲ್ಲ ಕಡೆಯೂ ಮಿನುಗುತ್ತದೆ.

ಚಿಪ್ ಇಲ್ಲದ ಲೆನ್ಸ್ ಹಾಕಿ ಶಟರ್ ಒತ್ತಿದರೂ ಕ್ಯಾಮೆರಾ ಸುಮ್ಮನಿದ್ದರೆ ಗಾಬರಿ ಬೇಡ. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆಯನ್ನು ಆನ್ ಮಾಡಿ. ಸೆನ್ಸರ್ ಸ್ಟೆಬಿಲೈಸೇಶನ್ ಇದ್ದರೆ ಲೆನ್ಸ್ ಎಷ್ಟು ಮಿ.ಮೀ.ನದೆಂದು, 12 ಅಥವಾ 14 ಎಂದು, ಕೈಯಾರೆ ತುಂಬಿ.

ಹಳೆಯದನ್ನು ಕೊಳ್ಳುವವರು ಟಾರ್ಚ್ ಬೆಳಕು ಬಿಟ್ಟು ಗಾಜಿನೊಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಬೇಕು. ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಲೆನ್ಸಾದರೆ ಎರಡು ಸಲ ನೋಡಿ.

ನಕ್ಷತ್ರದ ಆಸೆಯಿದ್ದವರಿಗೆ

ಎಫ್/2.8ಕ್ಕಿಂತ ಎಫ್/2 ಎರಡರಷ್ಟು ಬೆಳಕು ಒಳಬಿಡುತ್ತದೆ. ಆಕಾಶಗಂಗೆಯ ನಡುಭಾಗ ನಮಗೆ ಚೆನ್ನಾಗಿ ಕಾಣುವ ತಿಂಗಳುಗಳಲ್ಲಿ ಜೂನ್‌ನಿಂದಾಚೆ ಮೋಡ ಕವಿಯುವುದರಿಂದ, ಫೆಬ್ರುವರಿಯಿಂದ ಮೇವರೆಗಿನ ಅಮಾವಾಸ್ಯೆಯ ಆಸುಪಾಸೇ ಸುಗ್ಗಿ. 12 ಮಿ.ಮೀ.ನಲ್ಲಿ 20 ಸೆಕೆಂಡಿಗಿಂತ ಹೆಚ್ಚು ಶಟರ್ ತೆರೆದಿಟ್ಟರೆ ಚುಕ್ಕಿಗಳು ಗೀಟಾಗತೊಡಗುತ್ತವೆ. ಹಗಲಿಗೆ ಉಂಗುರವನ್ನು ಒಂದು ಮೀಟರಿಗೆ ಇಟ್ಟು ಸೆಲ್ಲೋಟೇಪ್ ಸುತ್ತಿಬಿಡಿ. ಆಮೇಲೆ ಬೇಲೂರಿಗೆ ಹೋಗಿ, ಟ್ರೈಪಾಡ್ ಮಾತ್ರ ಮನೆಯಲ್ಲಿರಲಿ. ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಒಳಗೆ ಬಿಡುವುದಿಲ್ಲ.