ವೈನ್ ತಂಪುಪೆಟ್ಟಿಗೆಯಲ್ಲಿ ಶೈತ್ಯವು ಕುಂದಿದಾಗ

ದ್ರಾಕ್ಷಾಮದ್ಯವು ಬಹುಕಾಲ ಕೆಡದಿರಬೇಕಾದರೆ ಸುಮಾರು 12 ಡಿಗ್ರಿ ಸೆಂಟಿಗ್ರೇಡಿನ ಸಮಶೈತ್ಯವು ಅವಶ್ಯಕ. ಉಷ್ಣದಿಂದ ಒಮ್ಮೆ ಕೆಟ್ಟ ರುಚಿಯು ಮರಳಿ ತಂಪುಮಾಡಿದರೂ ಸರಿಹೋಗದು. ಆದುದರಿಂದ ಪೆಟ್ಟಿಗೆಯ ದೋಷವನ್ನು ಬೇಗನೆ ಅರಿಯತಕ್ಕದ್ದು.

ಮೊದಲನೆಯದಾಗಿ, ಒಂದು ಲೋಟ ನೀರಿನಲ್ಲಿ ಉಷ್ಣಮಾಪಕವನ್ನಿಟ್ಟು, ಪೆಟ್ಟಿಗೆಯೊಳಗೆ ಒಂದು ದಿನ ಬಿಟ್ಟು ನೋಡಬೇಕು.

ಎರಡನೆಯದಾಗಿ, ಬಾಗಿಲಿಗೆ ಕಾಗದದ ತುಂಡನ್ನು ಸಿಕ್ಕಿಸಿ ಮುಚ್ಚಿ ಎಳೆಯಬೇಕು. ಅದು ಸಡಿಲವಾಗಿ ಬಂದರೆ ಅಲ್ಲಿ ಬಿಸಿಗಾಳಿ ನುಗ್ಗುತ್ತಿದೆಯೆಂದು ತಿಳಿಯತಕ್ಕದ್ದು. ರಬ್ಬರು ಪಟ್ಟಿಯನ್ನು ಸಾಬೂನು ನೀರಿನಿಂದ ಒರಸಬೇಕು, ಹರಿದಿದ್ದರೆ ಬದಲಿಸಬೇಕು.

ಮೂರನೆಯದಾಗಿ, ವಿದ್ಯುತ್ತನ್ನು ತಪ್ಪಿಸಿ, ಉಷ್ಣವನ್ನು ಹೊರಹಾಕುವ ಭಾಗದ ಧೂಳನ್ನು ಮೃದುವಾದ ಕುಂಚದಿಂದ ತೆಗೆಯಬೇಕು. ಗಾಳಿಯಾಡುವ ಕಿಂಡಿಗಳನ್ನು ಗೋಡೆಗೆ ಒತ್ತಿ ಮುಚ್ಚಕೂಡದು.

ಇಷ್ಟಾದರೂ ಗುಣ ಕಾಣದಿದ್ದರೆ ಪೆಟ್ಟಿಗೆಯ ಜಾತಿಯನ್ನು ವಿಚಾರಿಸಬೇಕು. ಫ್ರಾನ್ಸಿನ ಪೆಲ್ಟಿಯರ್ 1834ರಲ್ಲಿ ಕಂಡ ತತ್ತ್ವದಿಂದ ನಡೆಯುವ, ಕಂಪ್ರೆಸರಿಲ್ಲದ ಸಣ್ಣ ಪೆಟ್ಟಿಗೆಯು ಸಾಮಾನ್ಯವಾಗಿ ಕೋಣೆಯ ಉಷ್ಣಕ್ಕಿಂತ ಹತ್ತು ಹದಿನೈದು ಡಿಗ್ರಿಗಳಷ್ಟೇ ತಂಪಾಗುವುದು. 36 ಡಿಗ್ರಿಯ ಬೇಸಿಗೆಯಲ್ಲಿ ಅದು 12ಕ್ಕೆ ಇಳಿಯದಿರುವುದು ರೋಗವಲ್ಲ, ಅದರ ಮಿತಿ. ಅದಕ್ಕಾಗಿ ರಿಪೇರಿಗೆ ಹಣ ತೆರುವುದು ವ್ಯರ್ಥ. ತಂಪಾದ ಕೋಣೆಗೆ ಸಾಗಿಸುವುದೇ ಮದ್ದು.

ಕಂಪ್ರೆಸರು ನಡೆಯುತ್ತಿದ್ದೂ ಶೈತ್ಯವಿಲ್ಲದಿದ್ದರೆ ಅನಿಲವು ಸೋರಿರಬಹುದು. ಹಲವು ಪೆಟ್ಟಿಗೆಗಳ ಅನಿಲವು ಹೊತ್ತಿಕೊಳ್ಳುವಂಥದು. ಆದಕಾರಣ ಮನೆಯಲ್ಲಿ ಬಿಚ್ಚದೆ, ಬಲ್ಲ ಮೆಕ್ಯಾನಿಕ್ಕನಿಗೆ ಒಪ್ಪಿಸತಕ್ಕದ್ದು.