ಎರೆಮಣ್ಣಿನ ದಾರಿಗೆ ಪ್ಲಾಸ್ಟಿಕ್ ಚೂರು: ಎಲ್ಲಿ, ಎಷ್ಟು, ಹೇಗೆ?



ಬೆಳೆ ಬೆಳೆಯುವುದು ಅರ್ಧ ಕೆಲಸ. ಅದನ್ನು ಹೊಲದಿಂದ ಮನೆಗೆ, ಮನೆಯಿಂದ ಸಂತೆಗೆ ಸಾಗಿಸುವುದು ಇನ್ನರ್ಧ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಎರೆ ನೆಲದಲ್ಲಿ ಈ ಇನ್ನರ್ಧವೇ ಹೆಚ್ಚು ಕಷ್ಟದ್ದು. ಹಿಂಗಾರು ಹಿಡಿಯಿತೆಂದರೆ ಹೊಲದ ದಾರಿ ಕೆಸರುಗುಂಡಿಯಾಗುತ್ತದೆ. ಟ್ರಾಕ್ಟರಿನ ಚಕ್ರ ಹೂತುಕೊಳ್ಳುತ್ತದೆ. ಕಡಿದ ಕಬ್ಬು ಗದ್ದೆಯಲ್ಲಿಯೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಾಲು ಡೇರಿಗೆ ಹೊತ್ತಿಗೆ ಸರಿಯಾಗಿ ತಲುಪುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ತುಂಬು ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದಾಗ ಆಂಬುಲೆನ್ಸು ತೋಟದ ಮನೆಯವರೆಗೆ ಬರಲಾರದೆ ಡಾಂಬರು ರಸ್ತೆಯಲ್ಲಿಯೇ ನಿಂತುಬಿಡುತ್ತದೆ.

ಇದು ಒಂದು ತೊಂದರೆ. ಇನ್ನೊಂದು ತೊಂದರೆಯನ್ನು ನಾವೇ ತಂದುಕೊಂಡಿದ್ದೇವೆ. ಹರಿದ ಗೊಬ್ಬರದ ಚೀಲ, ನೀರಿನ ಬಾಟಲಿ, ತೆಳು ಕೈಚೀಲ ಇವೆಲ್ಲ ತಿಪ್ಪೆಯಲ್ಲಿ, ಕಾಲುವೆಯಲ್ಲಿ, ಬೇಲಿಯ ಸಾಲಿನಲ್ಲಿ ಬಿದ್ದಿವೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದುಹೋಗುವ ದಾರಿಯಲ್ಲಿಯೂ ಚಿಕ್ಕಲ್ಲೂರಿನ ಜಾತ್ರೆ ಮುಗಿದ ಬಯಲಿನಲ್ಲಿಯೂ ಇದನ್ನೇ ಕಾಣುತ್ತೇವೆ. ಮೇಯಲು ಹೋದ ದನ ಇದನ್ನು ತಿಂದರೆ ಹೊಟ್ಟೆಯಲ್ಲಿ ಗಂಟಾಗಿ ಉಳಿಯುತ್ತದೆ. ಕರ್ನಾಟಕ ಸರ್ಕಾರ 2016ರಲ್ಲಿಯೂ, ಕೇಂದ್ರ ಸರ್ಕಾರ 2022ರ ಜುಲೈ 1ರಿಂದಲೂ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿವೆ. ಆದರೆ ಈಗಾಗಲೇ ಬಿದ್ದಿರುವುದು ತಾನಾಗಿ ಕರಗಿಹೋಗುವುದಿಲ್ಲ.

ಈ ಎರಡು ತೊಂದರೆಗಳನ್ನು ಒಂದಕ್ಕೊಂದು ಜೋಡಿಸಿ, ಬಡ ಮಣ್ಣಿಗೆ ಪ್ಲಾಸ್ಟಿಕ್ ಚೂರು ಬೆರೆಸಿ ಬಲಪಡಿಸಬಹುದೆಂದು ಹಲವರು ಕೇಳಿದ್ದೀರಿ. ಮಾತು ನಿಜ. ಆದರೆ ಪೂರ್ತಿ ತಿಳಿಯದೆ ಕೈಹಾಕಿದರೆ ದಾರಿಯೂ ಕೆಡುತ್ತದೆ, ಹೊಲವೂ ಕೆಡುತ್ತದೆ. ಆದುದರಿಂದ ಈ ಪಾಠ.

ಎರೆಮಣ್ಣು ಏಕೆ ಕೈಕೊಡುತ್ತದೆ?

ಜೇಡಿಯ ಕಣ ಬಹಳ ಸಣ್ಣದು. ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಒಂದು ಪಾಲಿಗಿಂತಲೂ ಚಿಕ್ಕದು. ಕಪ್ಪು ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜಾತಿಯ ಜೇಡಿ ಹೆಚ್ಚಾಗಿರುತ್ತದೆ. ಇದರ ಕಣಗಳು ವೀಳ್ಯದೆಲೆಯ ಕಟ್ಟಿನಂತೆ ಪದರ ಪದರವಾಗಿವೆ. ಶುದ್ಧವಾದ ಈ ಜೇಡಿಯ ಒಂದು ಗ್ರಾಮಿನಲ್ಲಿರುವ ಪದರಗಳನ್ನೆಲ್ಲ ಬಿಚ್ಚಿ ಹಾಸಿದರೆ ಅವುಗಳ ಮೈ ಏಳೆಂಟು ಗುಂಟೆಯಷ್ಟಾಗುತ್ತದೆ! ಈ ಪದರಗಳ ನಡುವೆ ನೀರು ಹೊಕ್ಕಾಗ ಮಣ್ಣು ಉಬ್ಬುತ್ತದೆ, ನೀರು ಆರಿದಾಗ ಕುಗ್ಗಿ ಬಿರುಕು ಬಿಡುತ್ತದೆ.

ಹೊಲದಲ್ಲಿ ಈ ಗುಣ ದೋಷವಲ್ಲ. ನೀರನ್ನು ಹಿಡಿದಿಟ್ಟು ಬೆಳೆ ಕಾಯುವುದೂ ಇದೇ ಮಣ್ಣು. ದಾರಿಗೆ ಮಾತ್ರ ಇದು ಬಾರದು. ಇಂಜಿನಿಯರುಗಳು ನೆಲದ ಬಲವನ್ನು ಸಿ.ಬಿ.ಆರ್. ಎಂಬ ಅಳತೆಯಿಂದ ಹೇಳುತ್ತಾರೆ. ಒಳ್ಳೆಯ ಜಲ್ಲಿಯ ಬಲವನ್ನು 100 ಎಂದಿಟ್ಟುಕೊಂಡರೆ, ನಾಲ್ಕು ದಿನ ನೀರಿನಲ್ಲಿ ನೆನೆದ ಎರೆಮಣ್ಣಿನ ಬಲ ಸಾಮಾನ್ಯವಾಗಿ 2 ಅಥವಾ 3ರ ಆಸುಪಾಸಿನಲ್ಲಿರುತ್ತದೆ.

ನಿಮ್ಮ ಮಣ್ಣು ಎಷ್ಟು ಉಬ್ಬುವುದೆಂದು ಶಾಲೆಯ ಪ್ರಯೋಗಶಾಲೆಯಲ್ಲಿಯೇ ತಿಳಿಯಬಹುದು. ಒಣಗಿಸಿ ಜರಡಿ ಹಿಡಿದ ನಯವಾದ ಮಣ್ಣನ್ನು 10 ಗ್ರಾಮಿನಂತೆ ಎರಡು ಅಳತೆ ಗಾಜಿನ ಕೊಳವೆಗಳಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆಯನ್ನು 100 ಮಿಲಿಲೀಟರ್ ಗೆರೆಯವರೆಗೆ ತುಂಬಿಸಿ, ಕಲಕಿ, ಒಂದು ದಿನ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ ಮಣ್ಣು 10ರ ಗೆರೆಗೂ, ನೀರಿನಲ್ಲಿ 18ರ ಗೆರೆಗೂ ನಿಂತರೆ ಉಬ್ಬು ನೂರಕ್ಕೆ 80 ಎಂದು ಲೆಕ್ಕ. ನೂರಕ್ಕೆ 50 ಮೀರಿದ ಮಣ್ಣನ್ನು ಹಾಗೆಯೇ ರಸ್ತೆಗೆ ಹಾಕಬಾರದೆಂಬುದು ರಸ್ತೆ ಕೆಲಸದ ನಿಯಮ.

ಹುಲ್ಲು ಬೆರೆಸಿದ ಗೋಡೆಯ ಪಾಠ

ನಮ್ಮ ಹಿರಿಯರು ಮಣ್ಣಿನ ಗೋಡೆ ಇಡುವಾಗ ಬರೀ ಮಣ್ಣನ್ನು ಇಡುತ್ತಿರಲಿಲ್ಲ. ಹುಲ್ಲನ್ನು ತುಂಡು ಮಾಡಿ ಬೆರೆಸಿ, ಕಾಲಿನಿಂದ ಚೆನ್ನಾಗಿ ತುಳಿದು, ಕೊಳೆಹಾಕಿ, ಅನಂತರ ಗೋಡೆಗೆ ಎತ್ತುತ್ತಿದ್ದರು. ಮಣ್ಣು ಭಾರವನ್ನು ಹೊರಬಲ್ಲದು, ಎಳೆತವನ್ನು ತಾಳಲಾರದು. ಬಿರುಕು ಬಾಯಿ ತೆರೆಯುವಾಗ ಹುಲ್ಲಿನ ಎಳೆ ಎರಡು ದಡಗಳನ್ನೂ ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ ಚೂರು ಮಾಡುವುದೂ ಇದೇ ಕೆಲಸ. ಹುಲ್ಲು ನೆಲದೊಳಗೆ ಕೊಳೆಯುತ್ತದೆ, ಪ್ಲಾಸ್ಟಿಕ್ ಕೊಳೆಯುವುದಿಲ್ಲ. ಅದರ ಗುಣವೂ ಇದೇ, ಅಪಾಯವೂ ಇದೇ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ಚೂರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ನೀರನ್ನು ತಡೆಯುವುದಿಲ್ಲ. ಜೇಡಿಯ ಹುಟ್ಟುಗುಣವನ್ನು ಬದಲಿಸುವುದೂ ಇಲ್ಲ. ಆ ಕೆಲಸ ಸುಣ್ಣದ್ದು. ಸುಣ್ಣ ಜೇಡಿಯೊಡನೆ ಸೇರಿದಾಗ ಮಣ್ಣಿನ ಜಿಗುಟು ಕಡಮೆಯಾಗಿ ಹರಳು ಹರಳಾಗುತ್ತದೆ. ದಿನ ಕಳೆದಂತೆ ಗಾರೆಯ ಹಾಗೆ ಬಿಗಿಯುತ್ತದೆ. ಆದರೆ ಸುಣ್ಣ ಹಾಕಿದ ಮಣ್ಣು ಬಿರುಸಾಗಿ, ಭಾರ ಬಿದ್ದರೆ ಪಟ್ಟನೆ ಒಡೆಯಬಹುದು. ಅಲ್ಲಿ ಚೂರು ನೆರವಾಗುತ್ತದೆ.

ಡಾಂಬರು ರಸ್ತೆಗೆ ಪ್ಲಾಸ್ಟಿಕ್ ಬೆರೆಸುವುದು ಬೇರೆ ವಿಧಾನ. ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ಅದಕ್ಕಾಗಿ ಹೆಸರಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಬೆಂಗಳೂರಿನಲ್ಲಿಯೂ ಅಂತಹ ರಸ್ತೆಗಳನ್ನು ಮಾಡಿದ್ದಾರೆ. ಅಲ್ಲಿ ಕಾದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಕರಗಿ ಅಂಟಿಕೊಳ್ಳುತ್ತದೆ. ನಾವಿಲ್ಲಿ ಹೇಳುತ್ತಿರುವುದು ಕರಗಿಸದೆ, ತಣ್ಣಗೆ ಬೆರೆಸುವ ಚೂರಿನ ವಿಷಯ. ಪ್ಲಾಸ್ಟಿಕ್ಕನ್ನು ಮನೆಯ ಹತ್ತಿರ ಸುಡುವುದಾಗಲಿ ಕರಗಿಸುವುದಾಗಲಿ ಕೂಡದು. ಆ ಹೊಗೆ ವಿಷ.

ನೀವೇ ಮಾಡಿ ನೋಡುವ ಪ್ರಯೋಗ

ದಾರಿಗೆ ಕೈಹಾಕುವ ಮುಂಚೆ ನಾಲ್ಕು ಇಟ್ಟಿಗೆ ಮಾಡಿ ನೋಡಿ. ಒಣ ಎರೆಮಣ್ಣಿನ ಪುಡಿಯನ್ನು ಒಂದೊಂದು ಕಿಲೋವಿನಂತೆ ನಾಲ್ಕು ರಾಶಿ ಮಾಡಿ.

1. ಮೊದಲನೆಯದು ಬರೀ ಮಣ್ಣು.
2. ಎರಡನೆಯದಕ್ಕೆ 5 ಗ್ರಾಂ ಪ್ಲಾಸ್ಟಿಕ್ ಚೂರು.
3. ಮೂರನೆಯದಕ್ಕೆ 40 ಗ್ರಾಂ ಅರಳಿದ ಸುಣ್ಣದ ಪುಡಿ.
4. ನಾಲ್ಕನೆಯದಕ್ಕೆ 40 ಗ್ರಾಂ ಸುಣ್ಣ ಮತ್ತು 5 ಗ್ರಾಂ ಚೂರು.

ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ಅನಂತರ ನೀರು ಚಿಮುಕಿಸಿ, ಅಚ್ಚಿಗೆ ಹಾಕಿ ಬಡಿಯಿರಿ. ಎರಡು ವಾರ ಒದ್ದೆ ಗೋಣಿಯಡಿ ಇಟ್ಟು, ಆಮೇಲೆ ನೆರಳಿನಲ್ಲಿ ಆರಿಸಿ. ಮೊದಲನೆಯದು ಒಣಗುವಾಗ ದೊಡ್ಡ ಬಿರುಕು ಬಿಡುತ್ತದೆ. ಎರಡನೆಯದು ಬಿರಿದರೂ ಕೈಬಿಡದೆ ಹಿಡಿದುಕೊಂಡಿರುತ್ತದೆ. ಈಗ ನಾಲ್ಕನ್ನೂ ನೀರಿನ ತೊಟ್ಟಿಯಲ್ಲಿಡಿ. ಮೊದಲನೆಯದರ ಹಾಗೆ ಎರಡನೆಯದೂ ಮೆತ್ತಗಾಗುತ್ತದೆ. ಸುಣ್ಣ ಹಾಕಿದವು ಬಹಳ ಹೊತ್ತು ತಾಳುತ್ತವೆ. ಮೇಲೆ ಹೇಳಿದ ಮಾತೆಲ್ಲ ಈ ತೊಟ್ಟಿಯಲ್ಲಿ ಕಣ್ಣಿಗೆ ಕಾಣುತ್ತದೆ.

ಈ ಪ್ರಯೋಗದಲ್ಲಿ ನಾನೂ ಒಮ್ಮೆ ತಪ್ಪು ಮಾಡಿದ್ದೇನೆ. ಐದು ಗ್ರಾಂ ತೀರ ಕಡಮೆಯೆನಿಸಿ, ಹೆಚ್ಚು ಹಾಕಿದಷ್ಟೂ ಹೆಚ್ಚು ಗಟ್ಟಿಯೆಂದು ಎಣಿಸಿ ಎರಡು ಹಿಡಿ ತುಂಬ ಸುರಿದೆ. ಇಟ್ಟಿಗೆ ಅಚ್ಚಿನಿಂದ ಹೊರಬರುವಾಗಲೇ ಪದರ ಪದರವಾಗಿ ಬಿಚ್ಚಿಕೊಂಡಿತು. ಚೂರಿಗೆ ಚೂರು ತಾಗಿದರೆ ಮಣ್ಣಿಗೆ ಹಿಡಿತ ಸಿಗುವುದಿಲ್ಲ, ಜಾರುತ್ತದೆ. ಮಜ್ಜಿಗೆಗೆ ಉಪ್ಪು ಹಾಕಿದ ಹಾಗೆ ಇದರ ಲೆಕ್ಕ.

ಎಷ್ಟು ಬೇಕು?

ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಒಣಮಣ್ಣಿನ ತೂಕದ ನೂರಕ್ಕೆ ಕಾಲು ಭಾಗದಿಂದ ಒಂದು ಭಾಗದವರೆಗೆ ಚೂರು ಹಾಕಿ ಪರೀಕ್ಷಿಸುತ್ತಾರೆ. ಒಂದು ಮಿತಿಯವರೆಗೆ ಬಲ ಏರುತ್ತದೆ, ಅಲ್ಲಿಂದ ಮುಂದೆ ಇಳಿಯುತ್ತದೆ. ನಾವು ಅರ್ಧ ಭಾಗ, ಅಂದರೆ 100 ಕಿಲೋ ಮಣ್ಣಿಗೆ ಅರ್ಧ ಕಿಲೋ ಎಂದು ಹಿಡಿಯೋಣ.

3 ಮೀಟರ್ ಅಗಲದ ದಾರಿಯಲ್ಲಿ 10 ಮೀಟರ್ ಉದ್ದಕ್ಕೆ, 15 ಸೆಂಟಿಮೀಟರ್ ದಪ್ಪಕ್ಕೆ ನಾಲ್ಕೂವರೆ ಘನಮೀಟರ್ ಮಣ್ಣು ಬೇಕು. ದಮ್ಮಸ್ಸು ಮಾಡಿದ ಮೇಲೆ ಅದರ ಒಣತೂಕ ಸುಮಾರು 6,750 ಕಿಲೋ. ಅದಕ್ಕೆ ಚೂರು ಸುಮಾರು 34 ಕಿಲೋ, ನೂರಕ್ಕೆ ನಾಲ್ಕರಂತೆ ಸುಣ್ಣ 270 ಕಿಲೋ. ಒಂದು ಲೀಟರಿನ ನೀರಿನ ಬಾಟಲಿ 25 ಗ್ರಾಂ ಎಂದಿಟ್ಟುಕೊಂಡರೆ 1,350 ಬಾಟಲಿಗಳಾದವು. ಆದುದರಿಂದ ಊರಿನ ದಾರಿಯನ್ನೆಲ್ಲ ಒಂದೇ ಸಲ ಮಾಡಹೊರಡಬೇಡಿ. ಪ್ರತಿ ಮಳೆಗೂ ಚಕ್ರ ಹೂಳುವ ಆ ಹತ್ತು ಮೀಟರ್ ಜಾಗ ಎಲ್ಲಿದೆಯೆಂದು ನಿಮಗೆ ಗೊತ್ತೇ ಇದೆ. ಅಲ್ಲಿಂದ ಆರಂಭಿಸಿ.

ಗುಜರಿಯವರು ಕೊಳ್ಳುವ ಒಳ್ಳೆಯ ಬಾಟಲಿಯನ್ನು ಮಾರಿಬಿಡುವುದೇ ಲೇಸು. ಅದು ಮತ್ತೆ ಬೇರೆ ವಸ್ತುವಾಗುತ್ತದೆ. ಯಾರೂ ಕೊಳ್ಳದ ನಜ್ಜುಗುಜ್ಜಾದ ಬಾಟಲಿ, ಹರಿದ ಗೊಬ್ಬರದ ಚೀಲದ ಎಳೆ ಇವು ದಾರಿಗಿರಲಿ. ಬಿಸಿಲಿಗೆ ಬೆಂದು ಮುಟ್ಟಿದರೆ ಪುಡಿಯಾಗುವ ಚೀಲ ಬೇಡ. ತೆಳು ಕೈಚೀಲ ಮುದ್ದೆಯಾಗುತ್ತದೆ, ಅದೂ ಬೇಡ. ಕೀಟನಾಶಕದ ಬಾಟಲಿಯನ್ನಂತೂ ಮುಟ್ಟಲೇಬೇಡಿ.

ಕೆಲಸದ ಕ್ರಮ

1. ಮೊದಲು ನೀರಿಗೆ ದಾರಿ ಮಾಡಿ. ಎರಡು ಕಡೆಯೂ ಚರಂಡಿ ತೋಡಿ, ಹಳ್ಳದ ಕಡೆಗೆ ಇಳಿಜಾರು ಕೊಡಿ. ಚರಂಡಿ ಇಲ್ಲದ ದಾರಿಗೆ ಏನು ಬೆರೆಸಿದರೂ ದಂಡ.
2. ಚೂರನ್ನು ತೊಳೆದು ಒಣಗಿಸಿ, ಸುಮಾರು 5 ಮಿಲಿಮೀಟರ್ ಅಗಲ, 2 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಬಿರಡೆ, ಕಾಗದ ತೆಗೆದುಹಾಕಿ.
3. ಮಣ್ಣನ್ನು ಬೇಸಗೆಯಲ್ಲಿ ಅಗೆದು, ಹೆಂಟೆ ಒಡೆದು ಪುಡಿಮಾಡಿ. ಸುಣ್ಣ ಹರಡಿ ಬೆರೆಸಿ, ಆಮೇಲೆ ಚೂರನ್ನು ಸ್ವಲ್ಪ ಸ್ವಲ್ಪವಾಗಿ ಎರಚಿ ಮತ್ತೆ ಬೆರೆಸಿ. ಗಾಳಿ ಬೀಸುವಾಗ ಈ ಕೆಲಸ ಬೇಡ. ಸುಣ್ಣ ಕಣ್ಣಿಗೆ, ಚರ್ಮಕ್ಕೆ ಕೆಟ್ಟದ್ದು. ಕೈಚೀಲ, ಕನ್ನಡಕ ಹಾಕಿಕೊಳ್ಳತಕ್ಕದ್ದು. ಮಕ್ಕಳನ್ನು ದೂರವಿಡಿ.
4. ನೀರು ಹದವಾಗಿರಲಿ. ಮಣ್ಣನ್ನು ಹಿಡಿದು ಒತ್ತಿದರೆ ಉಂಡೆಯಾಗಬೇಕು, ಕೈಗೆ ಮೆತ್ತಬಾರದು.
5. ಅದೇ ದಿನ ರೋಲರಿನಿಂದ ದಮ್ಮಸ್ಸು ಮಾಡಿ. ನಡುಭಾಗ ಅಂಚಿಗಿಂತ 6 ರಿಂದ 8 ಸೆಂಟಿಮೀಟರ್ ಎತ್ತರವಿದ್ದರೆ ಮಳೆನೀರು ನಿಲ್ಲದು.
6. ಏಳು ದಿನ ತೇವ ಆರದಂತೆ ನೋಡಿಕೊಂಡು, ಗಾಡಿ ಓಡಿಸದೆ ಬಿಡಿ. ಕೊನೆಗೆ ಮೇಲೆ ಗರಸು ಹಾಸಿ ಗಟ್ಟಿಮಾಡಿ. ಚೂರು ಬಿಸಿಲಿಗೆ ತೆರೆದಿರಲೇಬಾರದು.

ಊರ ದಾರಿ ಎಲ್ಲರ ಆಸ್ತಿ. ಆದುದರಿಂದ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು, ಇಂಜಿನಿಯರರಿಂದ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದ ಪ್ರಮಾಣವನ್ನೇ ಹಾಕಬೇಕು. ಚೌಳು ನೆಲವಾದರೆ ಪರೀಕ್ಷೆ ಇನ್ನೂ ಮುಖ್ಯ. ಕೆಲವು ಲವಣಗಳಿರುವ ಮಣ್ಣಿಗೆ ಸುಣ್ಣ ಸೇರಿದರೆ ಉಬ್ಬು ಇಳಿಯುವ ಬದಲು ಏರುತ್ತದೆ.

ಎಲ್ಲಿ ಕೂಡದು?

ಉಳುವ ಹೊಲಕ್ಕೆ ಒಂದು ಚೂರೂ ಹೋಗಕೂಡದು. ಅದು ಬೇರಿಗೆ ಅಡ್ಡ, ನೀರಿಗೆ ಅಡ್ಡ. ವರ್ಷಗಳು ಕಳೆದಂತೆ ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಮಣ್ಣಿನಲ್ಲಿ ಉಳಿಯುತ್ತದೆ. ಆಮೇಲೆ ಆರಿಸಿ ತೆಗೆಯಲು ಯಾರಿಂದಲೂ ಆಗದು. ಹೊಲದ ಜೇಡಿಯನ್ನು ಹದಗೊಳಿಸಲು ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು, ಸೆಣಬು, ಡಯಂಚ ಇವೆ. ಬಾಳೆ, ಅರಿಸಿನದ ತೋಟದಲ್ಲಿ ಹಳೆಯ ಹನಿ ನೀರಾವರಿ ಕೊಳವೆ, ಹೊದಿಕೆ ಹಾಳೆ ಉಳಿದಿದ್ದರೆ ಉಳುವ ಮುಂಚೆ ಆರಿಸಿ ತೆಗೆಯಿರಿ.

ಕೆರೆ ಏರಿ, ಕಾಲುವೆ ದಂಡೆ, ಬಾವಿಯ ಸುತ್ತ, ಹಳ್ಳದ ಅಂಚು ಇಲ್ಲಿಯೂ ಬೇಡ. ಕೊಚ್ಚಿಹೋದ ಚೂರು ಸುವರ್ಣಾವತಿಗೋ ಕಾವೇರಿಗೋ ಸೇರುತ್ತದೆ. ಮನೆಯ ತಳಪಾಯಕ್ಕೂ ಇದು ಸಲ್ಲದು. ಕಾಡಂಚಿನ ಹಳ್ಳಿಗಳಲ್ಲಿ ಕಿತ್ತುಬಂದ ಚೂರು ಕಾಡುಪ್ರಾಣಿಗಳ ಬಾಯಿಗೆ ಬೀಳದಂತೆ ಎಚ್ಚರ ಬೇಕು. ಪ್ರತಿ ಮಳೆಗಾಲದ ಮುಂಚೆ ದಾರಿಯನ್ನು ನೋಡಿ, ಗರಸು ಸವೆದಲ್ಲಿ ಮತ್ತೆ ಹಾಕಬೇಕು. ಅಷ್ಟು ಮಾಡಲಾಗದಿದ್ದರೆ ಪ್ಲಾಸ್ಟಿಕ್ ಬೆರೆಸುವುದನ್ನೇ ಬಿಟ್ಟು, ಚರಂಡಿ ಮತ್ತು ಗರಸಿನಷ್ಟರಲ್ಲಿಯೇ ತೃಪ್ತಿಪಡುವುದು ಉತ್ತಮ.

ನೆನಪಿಡಬೇಕಾದುದು

ಮೊದಲು ಚರಂಡಿ, ಎರಡನೆಯದು ಸುಣ್ಣ, ಮೂರನೆಯದು ಪ್ಲಾಸ್ಟಿಕ್ ಚೂರು. ಈ ವರಸೆ ತಪ್ಪಬಾರದು. ಚೂರು ನೂರಕ್ಕೆ ಅರ್ಧ ಭಾಗ ಮಾತ್ರ, ಅದೂ ದಾರಿಗೆ ಮಾತ್ರ, ಗರಸಿನ ಹೊದಿಕೆಯ ಕೆಳಗೆ ಮಾತ್ರ.

ಬರುವ ಬೇಸಗೆಯಲ್ಲಿ ಯುವಕ ಸಂಘದವರೂ ಮಹಿಳಾ ಸಂಘದವರೂ ಸೇರಿ ನಾಲ್ಕು ಇಟ್ಟಿಗೆಗಳ ಪ್ರಯೋಗವನ್ನು ಊರ ಚಾವಡಿಯ ಮುಂದೆ ಮಾಡಿ, ಎಲ್ಲರೂ ನೋಡುವಂತೆ ತೊಟ್ಟಿಯಲ್ಲಿಡಿ. ಕಂಡದ್ದನ್ನು ಮಾತಾಡಿಕೊಂಡು, ಒಮ್ಮತವಾದರೆ ಹತ್ತು ಮೀಟರಿಗೆ ಕೈಹಾಕಿ. ಒಂದು ಮಳೆಗಾಲ ಅದು ತಡೆದರೆ ಮುಂದಿನ ಹತ್ತು ಮೀಟರಿನ ಯೋಚನೆ ಮಾಡೋಣ. ಆ ಹತ್ತು ಮೀಟರಿನಾಚೆ ಒಂದು ತೋಟದ ಮನೆ ಇದೆ, ಅಲ್ಲಿಗೆ ರಾತ್ರಿಯ ಮಳೆಯಲ್ಲಿಯೂ ಗಾಡಿ ಹೋಗಬೇಕಾಗಿದೆ ಎಂಬುದು ನೆನಪಿರಲಿ.