ಕಾವಲಿನ ಹುಲ್ಲು ಯಾರ ಪಾಲು?

ವನ್ಯಪ್ರಾಣಿ ಎಂದೊಡನೆ ನಮಗೆ ಭದ್ರಾ ಅಭಯಾರಣ್ಯದ ಆನೆ, ಹುಲಿಗಳು ನೆನಪಾಗುತ್ತವೆ. ಕಡೂರಿನ ಬಯಲಿನಲ್ಲಿ ಕೃಷ್ಣಮೃಗವಿರುವುದನ್ನು ಮರೆಯುತ್ತೇವೆ. ಕೊಳವೆಬಾವಿಯನ್ನು ನಂಬಿ ಅಡಿಕೆ ತೋಟವು ಬಯಲಿಗೂ ಹಬ್ಬಿರುವುದರಿಂದ ಈ ವಿಷಯವನ್ನು ಸದಸ್ಯರು ತಿಳಿದಿರುವುದು ಒಳ್ಳೆಯದು.

ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಲ್ಲಿ ಸರ್ಕಾರಿ ರಾಸುಗಳ ಮೇವಿಗೆ ಮೀಸಲಾದ ಹುಲ್ಲುಗಾವಲುಗಳು. ಜಿಂಕೆಗೆಂದು ಯಾರೂ ಅವನ್ನು ಕಾಯಲಿಲ್ಲ. ದನಕ್ಕೆಂದು ಕಾದ ಹುಲ್ಲಿನಲ್ಲಿ ಜಿಂಕೆಯೂ ಬದುಕಿತು. ಇಂದು ಅದೇ ಹುಲ್ಲಿಗೆ ಹಕ್ಕುದಾರರು ಹಲವರು:

೧. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದ ರಾಸುಗಳಿಗೆ ಮೇವು ಬೇಕು.

೨. ಕುರಿಗಾಹಿಗಳಿಗೆ ಮಂದೆ ಮೇಯಿಸಲು ಜಾಗ ಬೇಕು.

೩. ಭೂಮಿಯಿಲ್ಲದವರಿಗೆ ಸಾಗುವಳಿ ಬೇಕು.

೪. ಹಸಿರು ಬಯಸುವವರಿಗೆ ನೆಡುತೋಪು ಬೇಕು. ಆದರೆ ಕೃಷ್ಣಮೃಗವು ವೈರಿಯನ್ನು ದೂರದಿಂದಲೇ ಕಂಡು, ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಬಯಲೆಲ್ಲ ನೀಲಗಿರಿಯಾದರೆ ಅದಕ್ಕೆ ನೆಲೆಯಿಲ್ಲ.

೫. ಅಂಚಿನ ರೈತನಿಗೆ ಹೊಲದ ಬೆಳೆ ಉಳಿಯಬೇಕು.

ಇವರಲ್ಲಿ ಯಾರ ಮಾತು ನಡೆಯುತ್ತದೆಯೋ ಅದರಂತೆ ಮೃಗದ ಅಳಿವು ಉಳಿವು ತೀರ್ಮಾನವಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಎರಡು ಮಾರ್ಗಗಳನ್ನು ಕಂಡಿದ್ದೇವೆ. ೧೯೭೪ರಲ್ಲಿ ಅಭಯಾರಣ್ಯವಾದ ಭದ್ರಾ, ೧೯೯೮ರಲ್ಲಿ ಹುಲಿ ಯೋಜನೆಗೆ ಸೇರಿತು. ೨೦೦೨ರ ಸುಮಾರಿಗೆ ಒಳಗಿನ ಹಳ್ಳಿಗಳು ಹೊರಬಂದವು. ಬಹಳ ಕುಟುಂಬಗಳಿಗೆ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ಜಮೀನು, ಮನೆ ದೊರೆಯಿತು. ಹುಲಿಗೆ ನಿರಾತಂಕದ ಕಾಡು ಸಿಕ್ಕಿತು. ಅದಕ್ಕಾಗಿ ಊರು ಬಿಟ್ಟವರು ಆ ಜನ.

ಎರಡನೆಯದು ಕಡೂರು ತಾಲ್ಲೂಕಿನ ಬಾಸೂರು ಕಾವಲು. ಸುಮಾರು ೭.೩೬ ಚದರ ಕಿಲೋಮೀಟರಿನ ಈ ಹುಲ್ಲುಗಾವಲು ೨೦೧೧ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ೧೯೭೨ರ ವನ್ಯಜೀವಿ ಕಾಯಿದೆಗೆ ೨೦೦೨ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಪ್ರದೇಶವನ್ನು ಘೋಷಿಸುವ ಮೊದಲು ಸ್ಥಳೀಯರೊಡನೆ ಸಮಾಲೋಚಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಅರಣ್ಯ, ಕೃಷಿ, ಪಶುಸಂಗೋಪನಾ ಇಲಾಖೆಗಳವರೂ ವನ್ಯಜೀವಿ ಸಂಸ್ಥೆಗಳ ಮೂವರೂ ಇರುತ್ತಾರೆ. ಸಂಬಂಧಪಟ್ಟ ಪ್ರತಿ ಗ್ರಾಮ ಪಂಚಾಯಿತಿಯಿಂದಲೂ ಒಬ್ಬರಿಗೆ ಸ್ಥಾನವಿದೆ. ಸಮಿತಿಯದು ಸಲಹೆ ಮಾತ್ರ, ನಿಜ. ಆದರೂ ಆ ಕುರ್ಚಿ ನಮ್ಮದು. ಅದು ಖಾಲಿಯಿದ್ದರೆ ನಮ್ಮ ಕಷ್ಟವನ್ನು ಉಳಿದವರು ತಮಗೆ ತಿಳಿದಂತೆ ಹೇಳುತ್ತಾರೆ.

ಆದ್ದರಿಂದ ಕಾವಲಿನ ಅಂಚಿನ ಸದಸ್ಯರಲ್ಲಿ ನಮ್ಮ ವಿನಂತಿ:

ಬೆಳೆ ಹಾನಿಯಾದ ದಿನವೇ ವಲಯ ಅರಣ್ಯ ಕಚೇರಿಗೆ ಬರವಣಿಗೆಯಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಬೇಲಿಗೆ ಲೈನಿನ ಕರೆಂಟು ಹರಿಸಬೇಡಿ. ಅದು ಮೃಗವನ್ನಷ್ಟೇ ಅಲ್ಲ, ಮಕ್ಕಳನ್ನೂ ದನವನ್ನೂ ಕೊಲ್ಲುತ್ತದೆ. ತೋಟವನ್ನು ಕಾವಲಿನೊಳಕ್ಕೆ ಒತ್ತಬೇಡಿ. ಗ್ರಾಮಸಭೆಯಲ್ಲಿ ಮೇವು, ಬೆಳೆ ಹಾನಿ, ಗಿಡ ನೆಡುವಿಕೆ ಮೂರನ್ನೂ ಒಟ್ಟಿಗೆ ಚರ್ಚೆಗೆ ತನ್ನಿ. ಹುಲ್ಲು ಉಳಿದರೆ ದನ, ಕುರಿ, ಜಿಂಕೆ ಮೂರಕ್ಕೂ ಪಾಲುಂಟು. ಹುಲ್ಲೇ ಹೋದರೆ ಹಂಚಿಕೊಳ್ಳಲು ಏನೂ ಉಳಿಯದು.